ನಳಕ್ಕ ಕಿವಿ

ಎಪ್ರಿಲ್ ಹತ್ತಕ್ಕ ಸಾಲಿ ಬಿಡ್ತು.
ಹನ್ನೊಂದಕ್ಕ ಮುರಗ್ಯಾ ಬಂದು
ನನ್ನ ಪಿಕೋ ಮಶಿನ್ ಮುಂದ ನಿಂತ:
"ಯವ್ವಾ, ಬ್ಯಾಸರಾಗೇತಿ."

ಕಾಲಾಗ ಪೆಡಲು, ತೊಡಿ ಮ್ಯಾಲ ಯಾರದೋ ಮದವಿ ಸೀರಿ,
ಬಾಯಾಗಿನ ದಾರ ಕಚ್ಚಿಕೊಂಡನ ಅಂದೆ:
"ಆಗಲಿ."

ಬಾಜೂ ಮನಿ ಚನ್ನವೀರಿ ತನ್ನ ಮಗಳಿಗೆ
ಮುಂಜಾನಿ ಅಬ್ಯಾಕಸ್, ಮಧ್ಯಾಹ್ನ ಕರಾಟೆ,
ಸಂಜಿಕೆ ಚಿತ್ರದ ಕ್ಲಾಸು,
ನಡುವ ಉಳದದ್ದಕ್ಕ ಮೊಬೈಲು ಹಚ್ಯಾಳ.
ಹೊತ್ತನ್ನ ಚೀಲದಾಗ ಒತ್ತಿ ಒತ್ತಿ ತುಂಬಿ
ಬಾಯಿ ಹೊಲದು ಇಟ್ಟಾಂಗ.
"ಹಿಂಗ ಸುಮ್ಮನ ಬಿಟ್ಟರ ಹುಡುಗ ಹಾಳಾಗತೈತಿ" ಅಂತಾಳ ನನಗ.
ನನ್ನ ಹಂತೇಕ ರೊಕ್ಕಿಲ್ಲ, ಅದು ಖರೇನ.
ಅದೊಂದ ಅಲ್ಲ ಅನ್ನೋದೂ ಖರೇನ.

ಮೊಬೈಲ್ ಒಯ್ದು ಜ್ವಾಳದ ಡಬ್ಬಿಯೊಳಗ ಹುಗದೆ.
ಯಾರರ ಫೋನ್ ಮಾಡಿದರ
ಜ್ವಾಳ ಗುಂಯ್ ಅಂತಿತ್ತು.

ಮೊದಲ್ನೇ ದಿನ ಅತ್ತ.
ಎರಡನೇ ದಿನ ತಂಪ ಫರಸಿ ಮ್ಯಾಲ ಹೊಟ್ಟಿ ಹಚ್ಚಿ
ಹಲ್ಲಿ ಹಾಂಗ ಬಿದ್ದ.
ಮೂರನೇ ದಿನ ನನ್ನ ಬಾಬಿನ್ ಎಣಿಸಿದ, ನಲವತ್ತೊಂದು.
ಹದಿನಾಲ್ಕು ವರ್ಷಾತು ಈ ಮಶಿನ್ ತುಳೀತೇನಿ,
ನಾ ಎಂದೂ ಎಣಿಸಿಲ್ಲ.
ನಾಲ್ಕನೇ ದಿನ ಮತ್ತ ಎಣಿಸಿದ, ನಲವತ್ತು.
ಉಳದೊಂದು ಹುಡಕೋದರಾಗ ಒಪ್ಪತ್ತು ಕಳೀತು.
ಇದರಾಗ ಏನ ಕಲತ ಅಂತ ಕೇಳಬ್ಯಾಡ್ರಿ.
ಸಿಕ್ಕಿದ್ದು ಬಾಬಿನ್ ಅಲ್ಲ,
ಹೋದ ವರ್ಷ ಬಿದ್ದ ಅವನ ಹಲ್ಲು.

ಬ್ಯಾಸಗಿ, ಬ್ಯಾಸರ.
ಕೇಳಾಕ ಒಂದ ತೊಟ್ಟಿಲದಾಗ ಹೆಸರಿಟ್ಟಾಂಗ ಅದಾವು.
ತವರುಮನಿ ಎರಿ ಹೊಲ ಈ ದಿನದಾಗ
ಬಾಯಿ ಬಿಟ್ಟಕೊಂಡು ಬಿದ್ದಿರತೈತಿ,
ಅದಕ್ಯಾರೂ ಮೈಗಳ್ಳ ಅನ್ನಂಗಿಲ್ಲ.
ಬಿರದಷ್ಟು ಆಳಕ್ಕ
ಮುಂದ ನೀರು ಇಳೀತೈತಿ.

ನೀರು ಅಂದ ಮ್ಯಾಲ ಹೇಳತೇನಿ.
ನಮ್ಮ ಕಮಲಾಪುರದ ಓಣಿಗೆ ನಳ ಎಂಟು ದಿನಕ್ಕೊಮ್ಮೆ,
ಒಮ್ಮೊಮ್ಮೆ ಹತ್ತಕ್ಕ.
ಹೊತ್ತಿಲ್ಲ, ಗೊತ್ತಿಲ್ಲ.
ಮದವಿ ಬಿಟ್ಟು, ಮಣ್ಣು ಬಿಟ್ಟು ಕಾಯತೇವಿ.

ಆವತ್ತ ಸುಡು ಸುಡು ಮಧ್ಯಾಹ್ನ
ಹಿತ್ತಲದಾಗ ಪೈಪಿಗೆ ಕಿವಿ ಹಚ್ಚಿ ಬಿದ್ದಿದ್ದ ಹುಡುಗ
ಧಡಕ್ಕನ ಎದ್ದು ಓಣಿ ತುಂಬ ಒದರಿದ:
"ನೀರು ಬರಾಕ ಹತ್ತೇತಿ!"

ಚನ್ನವೀರಿ ನಳ ತಿರುವಿದಳು. ಒಣಾ.
"ಬಿಸಲಿಗೆ ತಲಿ ಕೆಟ್ಟೈತಿ ನಿನ್ನ ಮಗಂದು" ಅಂದಳು.
ನಾನೂ ಬೈದೆ, ಸುಳ್ಳ ಯಾಕ ಹೇಳಬೇಕು.
ಕಾಲು ತಾಸಿಗೆ ಓಣಿ ನಳ ಎಲ್ಲಾ ಒಮ್ಮೆಲೆ ಕೆಮ್ಮಿದವು,
ಕೆಂಪ ಉಗುಳಿದವು,
ಸುರದವು.

ಈಗ ಎಂಟನೇ ದಿನಕ್ಕ ಕೊಡ ಹಿಡದವರೆಲ್ಲಾ
ನನ್ನ ಬಾಗಲಕ್ಕ ಬರತಾರ.
"ಏನಂತೈತೋ ಮುರಗೇಂದ್ರಾ, ನಳ?"
ಚನ್ನವೀರಿ ಮಗಳು ಕರಾಟೆ ಅಂಗಿ ಮ್ಯಾಲನ ಬಂದು
ಅವನ ಮಗ್ಗಲಕ್ಕ ಬೀಳತಾಳ.
ಅವ ಹೇಳಿಕೊಡತಾನ:

"ಮೊದಲ, ದೂರ ಯಾರೋ ಖುರ್ಚಿ ಸರಸಿದಾಂಗ.
ಆಮ್ಯಾಲ ಅಜ್ಜ ನಿದ್ದ್ಯಾಗ ಮಗ್ಗಲಾ ಬದಲಿಸಿದಾಂಗ.
ಆಮ್ಯಾಲ ಏನೂ ಇರಂಗಿಲ್ಲ.
ಅದು ಐತೆಲ್ಲಾ, ಏನೂ ಇಲ್ಲದ್ದು,
ಅದರ ಬೆನ್ನ ಹಿಂದನ ನೀರು."

ನಿನ್ನೆ ಮಶಿನ್ ನಿಲ್ಲಿಸಿ ನಾನೂ ಹೋಗಿ ಬಿದ್ದೆ.
ಫರಸಿ ತಂಪಿತ್ತು.
ಕಿವ್ಯಾಗ ಬರೇ ಟಕಾಟಕಾ ಟಕಾಟಕಾ,
ಸುಭಾಸ ರೋಡಿನವರಿಗೆ ಗುರುವಾರ ಹನ್ನೆರಡು ಸೀರಿ,
ಗ್ಯಾಸಿನ ನಂಬರು, ಸಂಘದ ಕಂತು.

"ಏನೂ ಕೇಳವಲ್ದಲ್ಲೋ."

ಮುಚ್ಚಿದ ಕಣ್ಣು ತಗೀದನ ಅಂದ:
"ನಿನಗಿನ್ನೂ ಬ್ಯಾಸರಾಗಿಲ್ಲ ಬೇ.
ಇನ್ನಷ್ಟ ಹೊತ್ತ ಬಿದ್ದಕೋ."